ಬೊಗಸೆಯಲ್ಲಿ ಉಂಡವರು, ಬೊಗಸೆ ತುಂಬಿದವರು

ಚಿಕ್ಕೋಡಿ ತಾಲೂಕಿನ ಸದಲಗಾ ದೂಧಗಂಗಾ ದಂಡೆಯ ಊರು. 1906ರಲ್ಲಿ ಅಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅರ್ಧಮಾಗಧಿ ಕಲಿಸಿದರು. ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ ಕೊಟ್ಟರು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗ ಇಪ್ಪತ್ತೆರಡು ತುಂಬುವ ಮೊದಲೇ ಅಜ್ಮೇರಿನಲ್ಲಿ ದಿಗಂಬರ ದೀಕ್ಷೆ ತೊಟ್ಟ. ಆಚಾರ್ಯ ವಿದ್ಯಾಸಾಗರರೆಂದು ದೇಶವೆಲ್ಲ ಬಲ್ಲದ್ದು ಅವರನ್ನೇ. 2024ರ ಫೆಬ್ರವರಿ 18ರಂದು ಛತ್ತೀಸಗಡದ ಡೋಂಗರಗಡದಲ್ಲಿ ಅನ್ನ ನೀರು ತೊರೆಯುವ ಸಲ್ಲೇಖನ ವ್ರತದಲ್ಲಿ ಅವರು ದೇಹ ಬಿಟ್ಟರು.

ಒಂದೇ ಊರಿನ ಮಣ್ಣು ಒಬ್ಬರನ್ನು ಓಲೆಗರಿಯ ಕಡೆಗೂ ಇನ್ನೊಬ್ಬರನ್ನು ಮುನಿಗಳ ಪಿಂಛಿ-ಕಮಂಡಲುವಿನ ಕಡೆಗೂ ಕಳಿಸಿತು. ಈ ಸೀಮೆಯಲ್ಲಿ ಇದು ಅಪರೂಪದ ಮಾತೂ ಅಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದ ಪಾಟೀಲ ಮನೆತನದವರು. ಆಚಾರ್ಯ ದೇಶಭೂಷಣರು ಕೋಥಳಿಯವರು. ಆಚಾರ್ಯ ವಿದ್ಯಾನಂದರು ಕಾಗವಾಡ ಬಳಿಯ ಶೇಡಬಾಳದವರು. ಮುಂಜಾನೆ ಎದ್ದು ಸೈಕಲ್ ಹತ್ತಿದರೆ ಎರಡು ಮೂರು ದಿನದಲ್ಲಿ ಈ ಊರುಗಳನ್ನೆಲ್ಲ ಸುತ್ತಿ ಬರಬಹುದು. ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟು ಜನ ಬದುಕಿನ ಬೇಕುಗಳಿಗೆಲ್ಲ ‘ಒಲ್ಲೆ’ ಅಂದದ್ದು ಏಕೆ? ಅವರ ಸುತ್ತ ಇದ್ದವರು ಕಬ್ಬು ನೆಟ್ಟು, ತಂಬಾಕು ಬೆಳೆದು, ಮಕ್ಕಳ ಮದುವೆ ಮಾಡಿ, ಹೊಳೆ ಬಂದಾಗ ಗುಡ್ಡ ಹತ್ತಿ, ಹೊಳೆ ಇಳಿದಾಗ ಮರಳಿ ಬಂದು, ದಿನಾ ಬದುಕಿಗೆ ‘ಹೂಂ’ ಅನ್ನುತ್ತಲೇ ಇದ್ದರಲ್ಲ?

ಹೂಂ ಅನ್ನಬೇಕೋ ಒಲ್ಲೆ ಅನ್ನಬೇಕೋ ಎಂಬ ಈ ಪ್ರಶ್ನೆಯನ್ನು ಜರ್ಮನಿಯ ತತ್ವಜ್ಞಾನಿಗಳು ಸುಮಾರು ಇನ್ನೂರು ವರ್ಷ ಹಿಂಜಿದ್ದಾರೆ. ದೇವರನ್ನು, ಚರ್ಚನ್ನು, ಪರಲೋಕವನ್ನು ನಂಬದವನು ಯಾವ ಬಲದ ಮೇಲೆ ಬದುಕಬೇಕು? ಬದುಕಿಗೆ ಅರ್ಥ ಎಲ್ಲಿಂದ ಬಂದೀತು? ಹೀಗೆ ಕೇಳಿಕೊಂಡಾಗೆಲ್ಲ ಅವರು ಭಾರತದ ಕಡೆ ಬೆರಳು ಮಾಡಿ ತೋರಿಸಿದರು. ‘ಒಲ್ಲೆ’ ಎಂಬುದಕ್ಕೆ ಅವರ ಉದಾಹರಣೆ ಎಂದರೆ ನಾವು. ಅವರು ಬೆರಳು ಮಾಡಿ ತೋರಿಸಿದ ನೆಲದ ಮೇಲೆ ನಿಂತು ಅವರ ವಾದವನ್ನು ಮತ್ತೊಮ್ಮೆ ನೋಡುವ ಆಸೆ ನನ್ನದು.

ಮೊದಲು ಫಾಯರ್‌ಬಾಖ್. 1841ರ ‘ಕ್ರೈಸ್ತಧರ್ಮದ ಸಾರ’ದಲ್ಲಿ ಆತ ಹೇಳಿದ್ದು ಇಷ್ಟು: ಮನುಷ್ಯ ತನ್ನೊಳಗಿನ ಪ್ರೀತಿ, ಅರಿವು, ಶಕ್ತಿಯನ್ನೆಲ್ಲ ಗಂಟು ಕಟ್ಟಿ ಆಕಾಶಕ್ಕೆ ಕಳಿಸಿದ, ಆಮೇಲೆ ಅದಕ್ಕೇ ಕೈಮುಗಿದು ತಾನು ಬಡವಾಗಿ ನಿಂತ. ಗಂಟನ್ನು ಕೆಳಗಿಳಿಸಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಆತನಿಗಿತ್ತು. ಅವನಿಗಿಂತ ಮೊದಲೇ, 1818ರ ಕೊನೆಗೆ ತನ್ನ ಮಹಾಗ್ರಂಥವನ್ನು ಹೊರತಂದ ಶೋಪೆನ್‌ಹೌರ್‌ಗೆ ಅಂಥ ಭರವಸೆ ಇರಲಿಲ್ಲ. ಜಗತ್ತಿನ ಬುಡದಲ್ಲಿ ಇರುವುದು ಕುರುಡು ಬಯಕೆ. ಬಯಕೆ ತೀರದಿದ್ದರೆ ನೋವು, ತೀರಿದರೆ ಬೇಸರ. ಬಿಡುಗಡೆ ಎಂದರೆ ಬಯಕೆಯೇ ಆರಿಹೋಗುವುದು. ಮೊಘಲ ರಾಜಕುಮಾರ ದಾರಾ ಶಿಕೋಹ್ ಪಾರ್ಸಿಗೆ ಮಾಡಿಸಿದ್ದ ಉಪನಿಷತ್ತುಗಳ ಲ್ಯಾಟಿನ್ ಅನುವಾದ ಶೋಪೆನ್‌ಹೌರ್‌ನ ಕೈಗೆ ಸಿಕ್ಕು ಅವನ ಬಾಳಿನ ಸಂಗಾತಿಯಾಯಿತು.

ಇದೇ ಶೋಪೆನ್‌ಹೌರ್‌ನ ಗ್ರಂಥದಲ್ಲಿ 69ನೇ ಪರಿಚ್ಛೇದ ಒಂದಿದೆ. ಚಿಕ್ಕೋಡಿ-ಅಥಣಿ ಕಡೆಯ ಓದುಗ ಅದನ್ನು ನಿಧಾನಕ್ಕೆ ಓದಬೇಕು. ಆತ್ಮಹತ್ಯೆ ಬಿಡುಗಡೆಯ ದಾರಿಯೇ ಅಲ್ಲ ಅನ್ನುತ್ತಾನೆ ಆತ. ಕೊರಳಿಗೆ ಹಗ್ಗ ಹಾಕಿಕೊಳ್ಳುವವನಿಗೆ ಬದುಕು ಬೇಕೇ ಆಗಿದೆ, ಸಿಕ್ಕ ಬಗೆಯ ಬದುಕು ಬೇಡವಾಗಿದೆ ಅಷ್ಟೇ. ಬಯಕೆ ಸೋತದ್ದಕ್ಕೆ ಬಂದ ಸಿಟ್ಟು ಅದು. ಆದರೆ ಇದರಿಂದ ಒಂದು ಬಗೆಯ ಸಾವನ್ನು ಆತ ಹೊರಗಿಡುತ್ತಾನೆ. ವೈರಾಗ್ಯದ ತುತ್ತತುದಿ ಮುಟ್ಟಿದವನು ತಾನಾಗಿ ಅನ್ನ ಬಿಟ್ಟು ಸಾಯುವುದು ಆತ್ಮಹತ್ಯೆಯಲ್ಲ, ಅಲ್ಲಿ ಉಣ್ಣುವ ಬಯಕೆಯೂ ಉಳಿದಿರುವುದಿಲ್ಲ ಎಂದು ಬರೆಯುತ್ತಾನೆ. ಅದಕ್ಕೆ ಯುರೋಪಿನಲ್ಲಿ ನಡೆದ ಕೆಲವು ಸಂಗತಿಗಳನ್ನು ಹುಡುಕಿ ಕೊಡುತ್ತಾನೆ. ಭೋಜ ಗ್ರಾಮದ ಹಿರಿಯರು ಇದನ್ನು ಕೇಳಿದ್ದರೆ ಇದೇನು ಹೊಸ ಮಾತು ಎಂದಾರು.

ಆದರೂ ಒಂದು ಕಡೆ ಅವರ ಮಾತು ಶೋಪೆನ್‌ಹೌರ್‌ನ ಮಾತಿಗಿಂತ ಬೇರೆ. ಜೈನ ಶ್ರಾವಕಾಚಾರದ ಗ್ರಂಥಗಳು ಸಲ್ಲೇಖನ ಯಾವಾಗ ಸಲ್ಲುತ್ತದೆ ಎಂದು ಗೆರೆ ಕೊರೆದಿವೆ. ತಪ್ಪಿಸಿಕೊಳ್ಳಲಾರದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ಬೇನೆ ಇದ್ದಾಗ ಮಾತ್ರ. ವ್ರತ ತೊಟ್ಟ ಮೇಲೆ ತಗಲಬಹುದಾದ ಅತಿಚಾರಗಳನ್ನೂ, ಎಂದರೆ ದೋಷಗಳನ್ನೂ, ಎಣಿಸಿಟ್ಟಿವೆ. ಇನ್ನೂ ಬದುಕಬೇಕು ಅನ್ನುವ ಆಸೆ ಒಂದು ದೋಷ. ಬೇಗ ಸತ್ತರೆ ಸಾಕು ಅನ್ನುವ ಆಸೆಯೂ ಅಷ್ಟೇ ದೋಷ. ನನ್ನ ಮಟ್ಟಿಗೆ ಈ ಎರಡನೆಯ ದೋಷವೇ ಇಡೀ ಚರ್ಚೆಯ ಕೀಲಿಕೈ. ಸಾವನ್ನು ಬಯಸಿದರೆ ವ್ರತ ಕೆಟ್ಟಿತು ಎಂದು ಹೇಳುವ ಪರಂಪರೆಯನ್ನು ಬದುಕಿನ ದ್ವೇಷಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. 1955ರಲ್ಲಿ ಕುಂಥಲಗಿರಿಯಲ್ಲಿ ಶಾಂತಿಸಾಗರರ ಸಲ್ಲೇಖನ 36 ದಿನ ನಡೆಯಿತು, ಸೆಪ್ಟೆಂಬರ್ 18ರಂದು ಮುಗಿಯಿತು. ಅಷ್ಟೂ ದಿನ ಅವರು ಕಾಯ್ದುಕೊಳ್ಳಬೇಕಾಗಿದ್ದು ಈ ಎರಡು ಆಸೆಗಳ ನಡುವಿನ ಸಣ್ಣ ಹಾದಿಯನ್ನು.

ಇನ್ನು ನೀಷೆ. 1844ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ. ಐದು ತುಂಬುವ ಮೊದಲೇ ತಂದೆ ತೀರಿಕೊಂಡರು. 1865ರಲ್ಲಿ ಲೈಪ್‌ಜಿಗ್‌ನ ಹಳೇ ಪುಸ್ತಕದ ಅಂಗಡಿಯಲ್ಲಿ ಶೋಪೆನ್‌ಹೌರ್ ಸಿಕ್ಕ, ಮರುಳು ಹಿಡಿಯಿತು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ರಾಧ್ಯಾಪಕನಾದ. ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. 1869ರಿಂದ 1879ರವರೆಗೆ ನೀಷೆ ಯಾವ ಊರಲ್ಲಿ ಪಾಠ ಹೇಳುತ್ತ ದೇವರಿಲ್ಲದ ಬಾಳಿನ ಕಡೆ ಹೊರಳುತ್ತಿದ್ದನೋ ಅದೇ ಊರಿನಿಂದ ಬಾಸೆಲ್ ಮಿಷನ್ ಮಂಗಳೂರಿಗೆ, ಧಾರವಾಡಕ್ಕೆ ಪಾದ್ರಿಗಳನ್ನು ಕಳಿಸುತ್ತಿತ್ತು. ಕಿಟೆಲ್ ಬಂದದ್ದೂ ಆ ಮಿಷನ್ನಿನಿಂದಲೇ. ಬಾಸೆಲ್‌ನ ದೇವರು ಹಡಗು ಹತ್ತಿ ನಮ್ಮಲ್ಲಿಗೆ ಬಂದು ಶಾಲೆ ತೆರೆದ, ಹೆಂಚಿನ ಕಾರ್ಖಾನೆ ಹಾಕಿದ, ನಿಘಂಟು ಕೊಟ್ಟ. ಬಾಸೆಲ್‌ನ ಅನುಮಾನ ಮಾತ್ರ ಅಲ್ಲೇ ಉಳಿಯಿತು. ಅದು ನಮ್ಮ ನವ್ಯರ ಕೈಗೆ ಸಿಗಲು ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು, ಅದೂ ಸಾರ್ತ್ರ್, ಕಮೂ ಮೂಲಕ ಸುತ್ತು ಹಾಕಿಕೊಂಡು.

ದೇವರು ಸತ್ತ ಎಂಬ ಸುದ್ದಿಯನ್ನು ಹಗಲಿನಲ್ಲಿ ಲಾಂದ್ರ ಹಿಡಿದ ಹುಚ್ಚನೊಬ್ಬ ಸಂತೆಗೆ ತಂದು ಮುಟ್ಟಿಸುವ ಪ್ರಸಂಗ 1882ರ ‘ಉಲ್ಲಾಸದ ವಿದ್ಯೆ’ ಎಂಬ ಕೃತಿಯಲ್ಲಿದೆ. ಸಂತೆಯ ಜನ ಮೊದಲೇ ನಂಬಿಕೆ ಬಿಟ್ಟವರು, ಅವನನ್ನು ನೋಡಿ ನಗುತ್ತಾರೆ. ಹುಚ್ಚನ ಸಂಕಟ ಬೇರೆ. ದೇವರನ್ನು ಕಳೆದುಕೊಂಡ ಮೇಲೆ ಒಳ್ಳೆಯದು, ಕೆಟ್ಟದ್ದು, ಸತ್ಯ, ಕರುಣೆ ಎಲ್ಲಕ್ಕೂ ಬುಡ ಇಲ್ಲವಾಯಿತು, ಇವರಿಗೆ ಅದು ಇನ್ನೂ ತಿಳಿದಿಲ್ಲ ಎಂಬುದು. ನೀಷೆಯನ್ನು ಬರೀ ನಾಸ್ತಿಕ ಎಂದು ಓದುವವರು ಈ ದಿಗಿಲನ್ನು ಗಮನಿಸುವುದಿಲ್ಲ.

ಈ ದಿಗಿಲು ನಮ್ಮ ಸೀಮೆಯ ಬಸದಿಯಲ್ಲಿ ಹುಟ್ಟುವುದು ಸಾಧ್ಯವಿಲ್ಲ. ಜೈನರ ಲೋಕಕ್ಕೆ ಸೃಷ್ಟಿಕರ್ತನಿಲ್ಲ, ಅದು ಅನಾದಿ. ತೀರ್ಥಂಕರ ವರ ಕೊಡುವುದಿಲ್ಲ, ಶಾಪ ಹಾಕುವುದಿಲ್ಲ, ಕ್ಷಮಿಸುವುದೂ ಇಲ್ಲ. ಸೃಷ್ಟಿಕರ್ತನಿಲ್ಲದೆಯೂ ಇಲ್ಲಿನ ಜನ ಸಾವಿರ ವರ್ಷಕ್ಕೂ ಮಿಕ್ಕಿ ಸುಳ್ಳು ತಪ್ಪು, ಹಿಂಸೆ ತಪ್ಪು ಎಂದು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ದೇವರು ಹೋದರೆ ನೀತಿಯೂ ಹೋಗುತ್ತದೆ ಎಂಬುದು ಯುರೋಪಿನ ಚರಿತ್ರೆಯ ಮಾತು, ಮನುಷ್ಯಕುಲದ ಮಾತಲ್ಲ ಎಂದು ಹೇಳಲು ಅಥಣಿ, ರಾಯಬಾಗದ ಯಾವ ಹಳ್ಳಿಯಾದರೂ ಸಾಕ್ಷಿಯಾದೀತು.

ಆದರೆ ನೀಷೆ ಅಷ್ಟಕ್ಕೆ ಬಿಡುವವನಲ್ಲ. ದೇವರು ಹೋದರೂ ಅವನ ನೆರಳು ಗವಿಗಳಲ್ಲಿ ಬಹಳ ಕಾಲ ಉಳಿಯುತ್ತದೆ ಎಂದು ಅದೇ ಪುಸ್ತಕದಲ್ಲಿ ಎಚ್ಚರಿಸುತ್ತಾನೆ. ಅದಕ್ಕೆ ಹೋಲಿಕೆಯಾಗಿ ತರುವುದು ಬುದ್ಧನ ನೆರಳನ್ನು. ಕರ್ಮದ ಲೆಕ್ಕ ಅಂಥ ನೆರಳೇ ಅಲ್ಲವೇ? ಲೆಕ್ಕ ಬರೆಯುವವನಿಲ್ಲ, ಲೆಕ್ಕ ಮಾತ್ರ ತಪ್ಪುವುದಿಲ್ಲ. ಅನುಭವಿಸಿದ ನೋವಿಗೆಲ್ಲ ಹಿಂದಿನದೊಂದು ಕಾರಣ, ಮುಂದಿನದೊಂದು ಬಿಡುಗಡೆ ಇದೆ ಎಂಬ ಸಮಾಧಾನ ಉಳಿದೇ ಇದೆ. ದೇವರಿಲ್ಲದ ಧರ್ಮ ಬೇರೆ, ಧರ್ಮವಿಲ್ಲದ ಅರ್ಥ ಬೇರೆ. ಜೈನರು ಮೊದಲನೆಯದಕ್ಕೆ ಉತ್ತರ. ನೀಷೆ ಕೇಳಿದ್ದು ಎರಡನೆಯದನ್ನು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ‘ನಮ್ಮಲ್ಲಿ ಎಲ್ಲ ಮೊದಲೇ ಇತ್ತು’ ಅನ್ನುವುದು ಪ್ರಾಮಾಣಿಕತೆಯಲ್ಲ.

ನೀಷೆಯ ಪರೀಕ್ಷೆ ಇನ್ನೂ ಕಠಿಣವಾದದ್ದು. 1881ರ ಆಗಸ್ಟಿನಲ್ಲಿ ಸಿಲ್ಸ್ ಮರಿಯಾದ ಸಮೀಪ, ಸರೋವರದ ದಂಡೆಯ ದೊಡ್ಡ ಬಂಡೆಯ ಬಳಿ ಆತನಿಗೆ ಒಂದು ಹೊಳಹು ಬಂತು. ಈ ಬಾಳು ಹೀಗೇ, ಇದೇ ನೋವು, ಇದೇ ನಲಿವು, ಒಂದು ಕೂದಲೂ ಆಚೀಚೆ ಆಗದೆ ಮತ್ತೆ ಮತ್ತೆ ಕೊನೆಯಿಲ್ಲದೆ ಬರುತ್ತದೆ ಎಂದರೆ ನೀನು ಹಲ್ಲು ಕಡಿಯುವೆಯೋ, ಕುಣಿಯುವೆಯೋ? ನಮ್ಮವರು ಯಾವುದನ್ನು ಭವಚಕ್ರ ಎಂದು ಹೆದರಿದರೋ ಅದನ್ನೇ ಆತ ಬಾ ಎಂದು ಕರೆದ. ತನ್ನ ವಿಧಿಯನ್ನು ಸಹಿಸಿದರೆ ಸಾಲದು, ಪ್ರೀತಿಸಬೇಕು ಎಂದ. ಸಂಸಾರ ಮತ್ತೆ ಮತ್ತೆ ಬರುವುದೇ ದುಃಖ ಎಂದು ಒಂದು ಕಡೆ, ಮತ್ತೆ ಮತ್ತೆ ಬರಲಿ ಎಂದು ಕೇಳಿಕೊಳ್ಳುವುದೇ ಬಿಡುಗಡೆ ಎಂದು ಇನ್ನೊಂದು ಕಡೆ. ಇಷ್ಟು ನೇರಕ್ಕೆ ನೇರ ಎದುರು ನಿಂತ ವಿಚಾರಗಳು ಲೋಕದಲ್ಲಿ ಬೇರೆ ಇಲ್ಲ.

ಈ ಮಾತನ್ನು ಕೃಷ್ಣಾ ದಂಡೆಯಲ್ಲಿ ನಿಂತು ಕೇಳಿದರೆ ಹೇಗಿರುತ್ತದೆ? 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಈ ತಾಲೂಕುಗಳ ದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. ದನ, ದವಸ, ಗೋಡೆ ಎಲ್ಲ ಹೋಯಿತು. ನೀರು ಇಳಿದ ಮೇಲೆ ಜನ ಮರಳಿ ಹೋಗಿ, ಕೆಸರು ಬಳಿದು, ಒಲೆ ಹೂಡಿದರು. ಮತ್ತೆ ಬಂದೀತು ಎಂದು ಗೊತ್ತಿದ್ದೇ ಹೋದರು. ನೀಷೆ ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದನೇನೋ. ಆದರೆ ಪರಿಹಾರ ಕೇಂದ್ರದ ಶಾಲೆಯ ಅಂಗಳದಲ್ಲಿ ಟಾರ್ಪಲ್ ಕೆಳಗೆ ಕೂತ ತಾಯಿಗೆ ‘ನಿನ್ನ ವಿಧಿಯನ್ನು ಪ್ರೀತಿಸು’ ಅನ್ನುವ ಹಕ್ಕು ಯಾವ ತತ್ವಜ್ಞಾನಿಗೂ ಇಲ್ಲ. ತನಗೆ ತಾನೇ ಹೇಳಿಕೊಂಡರೆ ಅದು ಎದೆಗಾರಿಕೆ, ಇನ್ನೊಬ್ಬರು ಹೇಳಿದರೆ ಅದು ಕ್ರೌರ್ಯ. ನೀಷೆ ಅದನ್ನು ತನಗೇ ಹೇಳಿಕೊಂಡ, ಅದೂ ತಲೆ ಸಿಡಿಯುವ ನೋವಿನಲ್ಲಿ, ಕಣ್ಣು ಕಾಣದ ದಿನಗಳಲ್ಲಿ. ಅವನನ್ನು ಗೌರವಿಸುವುದಕ್ಕೆ ನನಗೆ ಅದೇ ಕಾರಣ.

ಅವನ ಇನ್ನೊಂದು ಪ್ರಶ್ನೆಯನ್ನು ಮಾತ್ರ ನಮ್ಮ ಮೇಲೂ ಹಾಕಿಕೊಳ್ಳಲೇಬೇಕು. 1887ರ ‘ನೀತಿಯ ವಂಶಾವಳಿ’ಯ ಮೂರನೆಯ ಪ್ರಬಂಧ ತಪಸ್ಸಿನ ಆದರ್ಶವನ್ನು ಕುರಿತದ್ದು. ಮನುಷ್ಯನನ್ನು ಕೊಲ್ಲುವುದು ನೋವಲ್ಲ, ಅರ್ಥವಿಲ್ಲದ ನೋವು. ತಪಸ್ಸು ಆ ನೋವಿಗೆ ಅರ್ಥ ಕೊಟ್ಟಿತು, ಬದುಕಿಗೆ ವಿರುದ್ಧವಾದ ಅರ್ಥವನ್ನಾದರೂ ಕೊಟ್ಟಿತು, ಆದ್ದರಿಂದ ಉಳಿಯಿತು ಅನ್ನುತ್ತಾನೆ. ಎಲ್ಲ ವೈರಾಗ್ಯವೂ ಒಂದೇ ಬಗೆಯದಲ್ಲ ಎಂಬುದು ಅವನಿಗೆ ತಿಳಿದಿತ್ತು. ಬರಿದಾದ ಬಾಳಿನಿಂದ ಬಂದದ್ದೋ, ತುಂಬಿ ತುಳುಕಿದ ಬಾಳಿನಿಂದ ಬಂದದ್ದೋ ಕೇಳಿ ನೋಡು ಎಂಬುದು ಅವನ ಒರೆಗಲ್ಲು.

ನಿಪ್ಪಾಣಿ ಸುತ್ತಿನ ರೈತನಿಗೆ ಈ ಒರೆಗಲ್ಲು ಹೊಲದಲ್ಲೇ ಸಿಗುತ್ತದೆ. ತಂಬಾಕಿನ ಗಿಡ ಬೆಳೆದು ಹೂ ಬಿಡುವ ಹೊತ್ತಿಗೆ ಹೂಕುಡಿಯನ್ನು ಮುರಿಯುತ್ತಾರೆ. ಎಲೆಯ ಬಗಲಲ್ಲಿ ಚಿಗಿತ ಕುಡಿಗಳನ್ನೂ ಬೆರಳಲ್ಲಿ ಚಿವುಟಿ ತೆಗೆಯುತ್ತ ಸಾಲು ಸಾಲು ನಡೆಯುತ್ತಾರೆ. ಅಂಟು ಮೆತ್ತಿ ಬೆರಳು ಕರ್ರಗಾಗುತ್ತದೆ. ಗಿಡದ ಸತ್ವವೆಲ್ಲ ಎಲೆಗೆ ಇಳಿದು ಎಲೆ ದಪ್ಪಗಾಗುತ್ತದೆ, ಖಾರ ಬರುತ್ತದೆ. ಚಿವುಟುವುದು ಬೆಳೆಗಾಗಿ. ಅದೇ ಕೈ ಸುಮ್ಮನೆ ಚಿವುಟುತ್ತಲೇ ಹೋದರೆ ಗಿಡ ಸಾಯುತ್ತದೆ. ‘ಒಲ್ಲೆ’ಯಲ್ಲೂ ಈ ಎರಡು ಬಗೆ ಇವೆ. ಕೈ ಒಂದೇ ಆದ್ದರಿಂದ ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ.

ನೀಷೆಯ ನಂತರ ಭಾರತದ ‘ಒಲ್ಲೆ’ಯನ್ನು ಹೊರಗಿನಿಂದ ನೋಡಿದವರಲ್ಲಿ ಇಬ್ಬರನ್ನು ಹೇಳಲೇಬೇಕು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1916-17ರಲ್ಲಿ ಭಾರತದ ಧರ್ಮಗಳ ಬಗ್ಗೆ ಬರೆದಾಗ, ಅಹಿಂಸೆಯ ಕಟ್ಟಳೆ ಜೈನರನ್ನು ಬೇಸಾಯದಿಂದ ದೂರವಿಟ್ಟು ವ್ಯಾಪಾರಕ್ಕೆ ತಳ್ಳಿತು ಎಂದ. ಉತ್ತರ ಭಾರತದ ಮಟ್ಟಿಗೆ ಸರಿ ಇರಬಹುದು. ಚಿಕ್ಕೋಡಿ, ಅಥಣಿ, ಕಾಗವಾಡದ ಚತುರ್ಥ ಜೈನರನ್ನು ಆತ ನೋಡಿರಲಿಲ್ಲ. ಇವರು ತಲೆಮಾರುಗಳಿಂದ ನೇಗಿಲು ಹಿಡಿದ ಒಕ್ಕಲು ಮಕ್ಕಳು. ಮಣ್ಣು ತಿರುವಿದರೆ ಹುಳ ಸಾಯುತ್ತದೆ ಎಂದು ಗೊತ್ತು. ಉತ್ತದ್ದೂ ಹೌದು. ದೋಷ ಇಲ್ಲ ಎಂದು ತಮಗೆ ತಾವೇ ಸುಳ್ಳು ಹೇಳಿಕೊಳ್ಳಲಿಲ್ಲ. ಅಣುವ್ರತ ಎಂಬ ಮಾತಿನಲ್ಲಿ ‘ಅಣು’ ಇರುವುದೇ ಅದಕ್ಕೆ. ಸಂಸಾರಿಗೆ ಸಾಧ್ಯವಾಗುವಷ್ಟು. ಶಾಂತಿಸಾಗರರು ಸಂಸಾರದಲ್ಲಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರನ್ನೂ ಇಡುತ್ತಿದ್ದರಂತೆ. ಆ ಕಥೆಯನ್ನು ಈಗಲೂ ಈ ಕಡೆ ಹೇಳುತ್ತಾರೆ. ಹೇಳುವವರು ತಮ್ಮ ಹೊಲದ ಹಕ್ಕಿಗಳನ್ನು ಓಡಿಸುವವರೇ. ಆದರ್ಶ ಮತ್ತು ಬದುಕಿನ ನಡುವಿನ ಈ ಅಂತರವನ್ನು ಒಪ್ಪಿಕೊಂಡು ಬಾಳುವ ಕಲೆಯನ್ನು ಯುರೋಪಿನ ಪುಸ್ತಕಗಳು ಕಂಡಿಲ್ಲ.

ಇನ್ನೊಬ್ಬ ಆಲ್ಬರ್ಟ್ ಶ್ವೈಟ್ಸರ್, ಆಫ್ರಿಕದ ಕಾಡಿನಲ್ಲಿ ಆಸ್ಪತ್ರೆ ಕಟ್ಟಿದ ವೈದ್ಯ. 1915ರಲ್ಲಿ ಓಗೊವೆ ನದಿಯಲ್ಲಿ ದೋಣಿಯ ಮೇಲೆ ಹೋಗುವಾಗ ‘ಜೀವದ ಮೇಲಿನ ಪೂಜ್ಯಭಾವ’ ಎಂಬ ಮಾತು ಅವನಿಗೆ ಹೊಳೆಯಿತು. 1935ರಲ್ಲಿ ಭಾರತೀಯ ಚಿಂತಕರ ಮೇಲೆ ಪುಸ್ತಕ ಬರೆದ. ಅಹಿಂಸೆಯನ್ನು ಆಜ್ಞೆಯಾಗಿ ಹೇಳಿದ ಜೈನರಿಗೆ ಮಾನವಚರಿತ್ರೆಯಲ್ಲಿ ಬಹಳ ಎತ್ತರದ ಜಾಗ ಕೊಟ್ಟ. ಆಮೇಲೆ ಒಂದು ಆಕ್ಷೇಪ ಎತ್ತಿದ: ಈ ಅಹಿಂಸೆ ಹುಟ್ಟಿದ್ದು ಕರುಣೆಯಿಂದಲ್ಲ, ಲೋಕದ ಸೋಂಕು ತಾಗದಂತೆ ತನ್ನನ್ನು ಶುದ್ಧವಾಗಿಟ್ಟುಕೊಳ್ಳುವ ಹಂಬಲದಿಂದ. ಕೊಲ್ಲದಿದ್ದರೆ ಸಾಕೇ, ನರಳುವ ಜೀವಕ್ಕೆ ಕೈ ಚಾಚಬೇಡವೇ? ರಾಧಾಕೃಷ್ಣನ್ 1939ರಲ್ಲಿ ಇದಕ್ಕೆ ಉತ್ತರ ಬರೆದರು, ವಿದ್ವತ್ತಿನ ಉತ್ತರ. ನನಗೆ ಹೆಚ್ಚು ನಂಬಿಕೆ ಬರುವುದು ಒಂದು ಮುಂಜಾನೆಯ ದೃಶ್ಯದಿಂದ.

ಮುನಿಗಳು ಊರಿಗೆ ಬಂದ ದಿನ. ಮನೆಯ ಮುಂದೆ ಸೆಗಣಿ ಸಾರಿಸಿ ರಂಗೋಲಿ ಹಾಕಿದೆ. ಗಂಡ ಹೆಂಡತಿ ಮಿಂದು, ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಬೀದಿಯ ಆ ತುದಿಯಿಂದ ಮುನಿ ಮಾತಿಲ್ಲದೆ ಬರುತ್ತಾರೆ. ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡಿರುತ್ತಾರೆ, ಅದು ಕೂಡಿಬಂದ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ. ನಮ್ಮ ಮನೆ ಮುಂದೆ ನಿಂತಾರೋ ಇಲ್ಲವೋ ಎಂದು ಕಾಯುವವರ ಮುಖ ನೋಡಬೇಕು. ಒಳಗೆ ಮುನಿ ನಿಂತೇ ಉಣ್ಣುತ್ತಾರೆ, ತಟ್ಟೆ ಇಲ್ಲ, ಎರಡು ಕೈ ಜೋಡಿಸಿದ ಬೊಗಸೆಯೇ ತಟ್ಟೆ. ತುತ್ತು ತುತ್ತಾಗಿ ಮನೆಯವರು ಇಡುತ್ತಾರೆ. ಬಟ್ಟೆಯಲ್ಲಿ ಸೋಸಿದ ನೀರನ್ನು ಹನಿಸುತ್ತಾರೆ. ಅನ್ನದಲ್ಲಿ ಒಂದು ಕೂದಲು ಕಂಡರೂ ಅಂತರಾಯ, ಅಲ್ಲಿಗೆ ಬೊಗಸೆ ಬಿಡುತ್ತದೆ. ಮತ್ತೆ ಅನ್ನ ನೀರು ನಾಳೆಯೇ. ಆದ್ದರಿಂದ ತುತ್ತು ಇಡುವ ಕೈ ನಡುಗುತ್ತಿರುತ್ತದೆ.

ಜಗತ್ತಿಗೆ ‘ಒಲ್ಲೆ’ ಅಂದವನು ಆ ಒಲ್ಲೆಯ ಮೇಲೆ ಇನ್ನೊಂದು ದಿನ ನಿಲ್ಲಲು ‘ಹೂಂ’ ಅಂದವರ ಬಾಗಿಲಿಗೆ ಬರಲೇಬೇಕು. ಅವರ ಹೊಲ, ಅವರ ಒಲೆ, ಅವರ ಕೈ ಇಲ್ಲದೆ ವೈರಾಗ್ಯವಿಲ್ಲ. ಶೋಪೆನ್‌ಹೌರ್, ನೀಷೆ, ಶ್ವೈಟ್ಸರ್ ಮೂವರೂ ಪ್ರಶ್ನೆಯನ್ನು ಒಬ್ಬ ಮನುಷ್ಯನ ಎದೆಯೊಳಗೆ ಇಟ್ಟು ನೋಡಿದರು. ಇಲ್ಲಿ ಅದು ಒಂದು ಊರಿನ ನಡುವೆ ಹಂಚಿಹೋಗಿದೆ. ಸಂಜೆ ಅದೇ ಮನೆಗೆ ಹೋದರೆ ‘ಹೊತ್ತು ಮುಳಗಾಕ ಬಂತು, ಉಣ್ಣಾಕ ಏಳ್ರಿ’ ಎಂದು ಅತ್ತೆ ಕೂಗುತ್ತಿರುತ್ತಾಳೆ. ದೀಪ ಹಚ್ಚಿದ ಮೇಲೆ ಉಣ್ಣುವಂತಿಲ್ಲ. ಒಂದು ಸಣ್ಣ ‘ಒಲ್ಲೆ’ಯ ಸುತ್ತ ಇಡೀ ಮನೆಯ ಊಟ, ನಗು, ಜಗಳ, ಬಿಸಿ ರೊಟ್ಟಿ ಸಾಗುತ್ತದೆ.

ಇದನ್ನು ಬರೆಯುತ್ತ ಹಿಗ್ಗುವುದು ಸುಲಭ. ಆದರೆ ಯಾರ ಮನೆಯ ಅನ್ನ ಬೊಗಸೆಗೆ ಸಲ್ಲುತ್ತದೆ, ಯಾರದ್ದು ಸಲ್ಲುವುದಿಲ್ಲ ಎಂದು ಕೇಳಿದಾಗ ಹಿಗ್ಗು ಇಳಿಯುತ್ತದೆ. ಬಾಂಬೆ ಪ್ರಾಂತದ 1947ರ ದೇವಾಲಯ ಪ್ರವೇಶ ಕಾಯ್ದೆ ಜೈನ ಬಸದಿಗಳಿಗೆ ಅನ್ವಯಿಸಬಾರದೆಂದು ಶಾಂತಿಸಾಗರರು 1948ರಿಂದ ಸುಮಾರು ಮೂರು ವರ್ಷ ಧಾನ್ಯ ಬಿಟ್ಟಿದ್ದರು. ಜೈನರು ಹಿಂದೂಗಳಿಂದ ಬೇರೆ ಎಂಬ ವಾದ ಅದರ ಹಿಂದೆ ಇತ್ತು, ಒಪ್ಪುತ್ತೇನೆ. ಆದರೂ ಆ ಉಪವಾಸದ ಫಲವಾಗಿ ಬಾಗಿಲ ಹೊರಗೆ ನಿಂತವರು ಯಾರು ಎಂದು ನೆನೆದಾಗ ನೀಷೆಯ ಅನು‌ಮಾನ ಕಿವಿಯಲ್ಲಿ ಮೊರೆಯುತ್ತದೆ.

ಈ ಬಾಗಿಲ ಹೊರಗಿನವರ ಮಾತು ಇದೇ ಸೀಮೆಯಲ್ಲಿ ಮೊಳಗಿತ್ತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದು, ಶಾಹೂ ಮಹಾರಾಜರ ಸುಧಾರಣೆಯ ಗಾಳಿ ಬೀಸಿದ ನೆಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಬಾಂಬೆ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು, ಡಾ. ಅಂಬೇಡ್ಕರ್ ಅಧ್ಯಕ್ಷರಾಗಿದ್ದರು. ಅದೇ ಅಂಬೇಡ್ಕರ್ ಮುಂದೆ ನೀಷೆಯನ್ನು ಎಷ್ಟು ಹತ್ತಿರದಿಂದ ಓದಿದರೆಂದರೆ, ಅವರ ನಂತರ 1987ರಲ್ಲಿ ಅಚ್ಚಾದ ‘ಹಿಂದೂಧರ್ಮದ ತತ್ವಜ್ಞಾನ’ ಎಂಬ ಬರಹದಲ್ಲಿ ಮನುವಿನ ಪಕ್ಕಕ್ಕೆ ನೀಷೆಯನ್ನು ಕೂರಿಸಿದ್ದಾರೆ. 1888ರಲ್ಲಿ ನೀಷೆ ಮನುಸ್ಮೃತಿಯನ್ನು ಫ್ರೆಂಚ್ ಅನುವಾದವೊಂದರಲ್ಲಿ ಓದಿ ಮನಸೋತಿದ್ದ. ಬದುಕಿಗೆ ಹೂಂ ಅನ್ನುವ ಧರ್ಮಶಾಸ್ತ್ರ ಎಂದು ಹೊಗಳಿದ್ದ. ಯಾರ ಬದುಕಿಗೆ ಹೂಂ, ಯಾರ ಬದುಕನ್ನು ತುಳಿದು ಹೂಂ ಎಂದು ಆತ ಕೇಳಲಿಲ್ಲ. ಅಂಬೇಡ್ಕರ್ ಕೇಳಿದರು. ಆದರೂ ನ್ಯಾಯ ಬಿಡಲಿಲ್ಲ. ನೀಷೆಯ ಅತಿಮಾನವ ಯೋಗ್ಯತೆಯಿಂದ ಮೇಲೇಳುವವನು, ಮನುವಿನ ಅತಿಮಾನವ ಹುಟ್ಟಿನಿಂದಲೇ ಮೇಲೆ ಕೂತವನು ಎಂದು ಇಬ್ಬರ ನಡುವೆ ಗೆರೆ ಎಳೆದರು. 1956ರಲ್ಲಿ ಅವರು ಆರಿಸಿಕೊಂಡದ್ದೂ ಸೃಷ್ಟಿಕರ್ತನಿಲ್ಲದ ಒಂದು ಧರ್ಮವನ್ನೇ. ಧರ್ಮವಿಲ್ಲದೆ ಬಾಳಬಹುದು ಎಂದು ಅವರು ನಂಬಲಿಲ್ಲ, ಮನುಷ್ಯನನ್ನು ಕೀಳುಮಾಡುವ ಧರ್ಮದಲ್ಲಿ ಬಾಳಬಹುದು ಎಂದೂ ನಂಬಲಿಲ್ಲ.

ಅಂಬೇಡ್ಕರ್ ಬಂದುಹೋದ ನಿಪ್ಪಾಣಿಯಲ್ಲೇ ಎಪ್ಪತ್ತರ ದಶಕದ ಕೊನೆಗೆ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಘ ಕಟ್ಟಿದರು. ತಂಬಾಕು ಕುಟ್ಟಿ, ಜರಡಿ ಹಿಡಿದು, ಧೂಳಿನಲ್ಲಿ ಕೆಮ್ಮುತ್ತ, ಹೊಡೆತ-ಬೈಗುಳ ತಿನ್ನುತ್ತ ಇದ್ದವರು. ಯುಗಾಂತರ ಎಂಬ ಚಿತ್ರತಂಡ ಅವರ ಜೊತೆಗಿದ್ದು 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರ ಮಾಡಿತು. ಆ ಹೆಂಗಸರೇ ಕ್ಯಾಮೆರಾದ ಮುಂದೆ ತಮ್ಮ ಹೋರಾಟವನ್ನು ಮತ್ತೆ ನಡೆಸಿ ತೋರಿಸಿದರು. ಅದರ ಹಿಂದಿನ ವರ್ಷವೇ, 1981ರ ಏಪ್ರಿಲ್‌ನಲ್ಲಿ, ತಂಬಾಕಿಗೆ ನ್ಯಾಯದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ ಇಲ್ಲಿ ಗೋಲಿಬಾರ್ ಆಗಿ ಜೀವಗಳು ಹೋಗಿದ್ದವು.

ಇಂಥ ಒಗ್ಗಟ್ಟನ್ನು ನೀಷೆ ಕೈಲಾಗದವರ ಹೊಟ್ಟೆಕಿಚ್ಚು ಎಂದು ಎಣಿಸುತ್ತಿದ್ದ. ಸಮಾಜವಾದದ ಬಗ್ಗೆ ಅವನಿಗೆ ಇದ್ದದ್ದು ತಿರಸ್ಕಾರ. ಇಲ್ಲಿ ಅವನು ಸೋಲುತ್ತಾನೆ. ವಖಾರಿಯ ಬಾಗಿಲಲ್ಲಿ ಮೊದಲ ಬಾರಿಗೆ ತಲೆಯೆತ್ತಿ ‘ಇನ್ನ ಹೊಡಸ್ಕೊಳ್ಳಂಗಿಲ್ಲ’ ಎಂದು ನಿಂತ ಹೆಂಗಸು ತನ್ನ ಬದುಕಿಗೆ ಹೂಂ ಅಂದಷ್ಟು ಜೋರಾಗಿ ನೀಷೆಯ ಕಥಾನಾಯಕ ಜರತುಷ್ಟ್ರನೂ ಅಂದಿಲ್ಲ. ಅದಕ್ಕೆ ಅವಳಿಗೆ ದೇವರೂ ಬೇಕಾಗಲಿಲ್ಲ, ದೇವರಿಲ್ಲ ಎಂಬ ವಾದವೂ ಬೇಕಾಗಲಿಲ್ಲ. ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬಳು.

ಇಪ್ಪತ್ತನೆಯ ಶತಮಾನದ ಜರ್ಮನ್ನರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1927ರಲ್ಲಿ ಹೈಡೆಗರ್ ಸಾವಿನೆದುರಿಗೇ ಮನುಷ್ಯ ತನ್ನತನಕ್ಕೆ ಬರುತ್ತಾನೆ ಎಂದ. ಸಾವು, ಅಪರಾಧ, ಹೋರಾಟ ಇಂಥ ದಾಟಲಾರದ ಗಡಿಗಳಲ್ಲೇ ನಾವು ಎಚ್ಚರಗೊಳ್ಳುತ್ತೇವೆ ಎಂದ ಯಾಸ್ಪರ್ಸ್. ಶರಣರ ಗುಣ ಮರಣದಲ್ಲಿ ಕಾಣು ಎಂಬ ಗಾದೆ ಕೇಳಿ ಬೆಳೆದವರಿಗೆ ಇವು ದೂರದ ಮಾತೆನಿಸುವುದಿಲ್ಲ. ಕನ್ನಡದಲ್ಲಿ ಈ ಪ್ರಶ್ನೆಯನ್ನು ತತ್ವಶಾಸ್ತ್ರಕ್ಕಿಂತ ಕಾದಂಬರಿ ಹೆಚ್ಚು ಚೆನ್ನಾಗಿ ಹೊತ್ತಿದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ದಲ್ಲಿ ಈ ಗಡಿಸೀಮೆಯ ಹಳ್ಳಿಯ ಬಾಳು ತನ್ನ ಭಾಷೆಯಲ್ಲೇ ಮಾತಾಡುತ್ತದೆ. ಕೊಲ್ಹಾಪುರದಲ್ಲಿ ಪಾಠ ಹೇಳಿದ ಶಾಂತಿನಾಥ ದೇಸಾಯಿ 1961ರಲ್ಲಿ ‘ಮುಕ್ತಿ’ ಬರೆದಾಗ ಅಸ್ತಿತ್ವವಾದದ ಕಾವಿನಲ್ಲಿದ್ದರು. ತೀರಿಕೊಂಡ ಮೇಲೆ ಬಂದ ಅವರ ‘ಓಂ ಣಮೋ’ದಲ್ಲಿ ಜೈನ ಬಾಳನ್ನು ಅರಿಯಲು ಪರದೇಶದಿಂದ ಬಂದವರ ಕಣ್ಣೂ ಇದೆ, ಇಲ್ಲಿನ ಮನೆತನದ ಒಳಗಿನ ಕಣ್ಣೂ ಇದೆ. ಮುಕ್ತಿಯಿಂದ ಹೊರಟು ಣಮೋಕಾರಕ್ಕೆ ಬಂದ ಆ ದಾರಿ ನಮ್ಮ ನವ್ಯದ ಬಗ್ಗೆ ಬಂದ ಎಷ್ಟೋ ವಿಮರ್ಶೆಗಿಂತ ಹೆಚ್ಚು ಹೇಳುತ್ತದೆ. ಸದಲಗಾದ ವಿದ್ಯಾಸಾಗರರು ಹಿಂದಿಯಲ್ಲಿ ಬರೆದ ಮಹಾಕಾವ್ಯ ‘ಮೂಕಮಾಟಿ’ಯ ನಾಯಕಿ ಮಣ್ಣು. ಎಲ್ಲ ಬಿಟ್ಟು ಹೋದವರು ಕೊನೆಗೆ ಮಣ್ಣಿನ ಬಗ್ಗೆಯೇ ಅಷ್ಟು ಬರೆದರು!

ಸಲ್ಲೇಖನದ ವಾದ ನ್ಯಾಯಾಲಯಕ್ಕೂ ಹೋಗಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕಾನೂನು ಕೇಳುವುದು ಹೌದೋ ಅಲ್ಲವೋ ಎಂದು. ನಾನು ಕೇಳಬಯಸುವುದು ವ್ರತ ತೊಟ್ಟ ಮುದುಕಿಯ ಹಾಸಿಗೆಯ ಪಕ್ಕದಲ್ಲಿ ಯಾರಿದ್ದಾರೆ, ಅವಳು ಯಾವ ಗಳಿಗೆಯಲ್ಲಾದರೂ ‘ನೀರು’ ಅಂದರೆ ಮನೆಯವರ ಮಾನ ಹೋದೀತೆಂದು ಯಾರೂ ತಡೆಯದೆ ಕೊಡುತ್ತಾರೆಯೇ ಎಂದು. ಸತ್ತರೆ ಸಾಕು ಅನ್ನುವುದು ದೋಷ ಎಂದ ಶಾಸ್ತ್ರ, ಅವಳು ಸತ್ತರೆ ಸಾಕು ಎಂದುಕೊಳ್ಳುವ ಮನೆಯವರನ್ನು ಹೇಗೆ ಒಪ್ಪೀತು?

1889ರ ಜನವರಿಯಲ್ಲಿ ಟ್ಯೂರಿನ್ನಿನಲ್ಲಿ ನೀಷೆಯ ಬುದ್ಧಿ ಕುಸಿಯಿತು. ಮತ್ತೆ ಅದು ಮರಳಲಿಲ್ಲ. ಹನ್ನೊಂದು ವರ್ಷ ಬದುಕಿದ. 1890ರಿಂದ, 1897ರಲ್ಲಿ ತಾನು ಕಣ್ಮುಚ್ಚುವವರೆಗೆ, ನೌಂಬುರ್ಗಿನ ಮನೆಯಲ್ಲಿ ಅವನನ್ನು ನೋಡಿಕೊಂಡವಳು ತಾಯಿ ಫ್ರಾನ್ಸಿಸ್ಕಾ, ಪಾದ್ರಿಯ ವಿಧವೆ, ಬಹಳ ದೈವಭಕ್ತೆ. ಮಗ ಬರೆದದ್ದು ಅವಳಿಗೆ ಒಪ್ಪಿಗೆಯಾಗುವಂಥದ್ದಲ್ಲ. ದೇವರು ಸತ್ತನೆಂದು ಬರೆದ ಆ ಮಗನಿಗೆ ಅವಳು ಉಣಿಸಿದಳು, ಮೈ ಒರೆಸಿದಳು, ನಡೆಯುವಷ್ಟು ದಿನ ತೋಳು ಹಿಡಿದು ತಿರುಗಾಡಿಸಿ ಕರೆತಂದಳು.